ಅಂಕಿಗೆ ಮೊದಲು ಅಳತೆಗೋಲು

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿರುವ ನಮ್ಮ ಮನೆಗೆ ಕಳೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕಾಲದಲ್ಲಿ ಶಾಲಾ ಶಿಕ್ಷಕಿಯೊಬ್ಬರು ಬಂದಿದ್ದರು. ವಿದ್ಯುತ್ ಮೀಟರು ನೋಡಲು ಬರುವ ಹುಡುಗನು ಬಾಗಿಲಿಗೆ ಮೊದಲೇ ಅಂಟಿಸಿ ಹೋಗಿದ್ದ ಚೀಟಿಯ ಸಂಖ್ಯೆಯನ್ನು ನೋಡಿಕೊಂಡು, ಪಡಸಾಲೆಯ ಕುರ್ಚಿಯ ಅಂಚಿನಲ್ಲಿ ಕುಳಿತು, ಅವರು ಅರವತ್ತು ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಮೊಬೈಲಿನಲ್ಲಿ ದಾಖಲಿಸಿಕೊಂಡರು. ಮನೆಯವರ ವಿದ್ಯಾಭ್ಯಾಸವನ್ನು ಕುರಿತ ಪ್ರಶ್ನೆ ಬಂದಾಗ ಮಗನ ಪದವಿ, ಸೊಸೆಯ ಪದವಿ ಯಾವುದೂ ನನಗೆ ಮರೆಯಲಿಲ್ಲ. ವಾರ್ಷಿಕ ಆದಾಯದ ಪ್ರಶ್ನೆ ಬಂದಾಗ ನಿವೃತ್ತಿವೇತನದ ಮೊತ್ತವನ್ನು ಹೇಳಿದೆನು. “ಬೇರೆ ಏನಾದ್ರೂ ಆದಾಯ ಇದೆಯಾ ಸಾರ್?” ಎಂದರು. “ಇಲ್ಲಮ್ಮಾ” ಎಂದೆನು. ಅವರು ಪಕ್ಕದ ಮನೆಗೆ ಹೋಗಿ ಅರ್ಧ ಗಂಟೆಯಾದ ಮೇಲೆ, ಹರಿಹರ ತಾಲ್ಲೂಕಿನ ನಮ್ಮೂರಿನಲ್ಲಿ ತಮ್ಮನು ನೋಡಿಕೊಳ್ಳುತ್ತಿರುವ ಭದ್ರಾ ನಾಲೆಯ ಕೆಳಗಿನ ಗದ್ದೆಯೂ, ಅವನು ಸುಗ್ಗಿಯಾದೊಡನೆ ತಪ್ಪದೆ ಕಳುಹಿಸುವ ನನ್ನ ಪಾಲಿನ ಭತ್ತದ ಹಣವೂ ನೆನಪಿಗೆ ಬಂದುವು. ಚಪ್ಪಲಿ ಮೆಟ್ಟಿಕೊಂಡು ಹೋಗಿ ಅದನ್ನೂ ಸೇರಿಸಿಕೊಳ್ಳಿರೆಂದು ಕೇಳಿಕೊಂಡೆನು.

ಸುಳ್ಳು ಹೇಳಬೇಕೆಂಬ ಸಂಕಲ್ಪವು ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಒಂದೇ ನಾಲಗೆಯು, ಒಂದೇ ಗಳಿಗೆಯಲ್ಲಿ, ಗೌರವವನ್ನು ತರುವ ವಿವರಗಳನ್ನು ಸಮಗ್ರವಾಗಿ ಸ್ಮರಿಸಿ, ಸಂಪತ್ತನ್ನು ಪ್ರಕಟಪಡಿಸುವ ವಿವರವೊಂದನ್ನು ಮರೆತುದು ಆಕಸ್ಮಿಕವೆಂದು ನಾನು ಒಪ್ಪಲಾರೆನು. ಪೂರ್ವಗ್ರಹವೆಂದೊಡನೆ ನಾವು ದ್ವೇಷವನ್ನೋ ದುರುದ್ದೇಶವನ್ನೋ ಹುಡುಕತೊಡಗುತ್ತೇವೆ. ಬಹುಮಟ್ಟಿಗೆ ಅದು ವಾಸಿಸುವುದು ಮರೆವಿನಲ್ಲಿ. ಚಾರ್ಲ್ಸ್ ಡಾರ್ವಿನ್ನನು ಇದನ್ನು ತನ್ನಲ್ಲಿಯೇ ಕಂಡುಕೊಂಡಿದ್ದನು. ತನ್ನ ಸಿದ್ಧಾಂತಕ್ಕೆ ವಿರುದ್ಧವಾದ ಸಂಗತಿಗಳು ಅನುಕೂಲವಾದವುಗಳಿಗಿಂತ ಬೇಗನೆ ನೆನಪಿನಿಂದ ಜಾರಿಹೋಗುತ್ತವೆಂದು ಅನುಭವದಿಂದ ಅರಿತು, ಅಂಥವು ಕಣ್ಣಿಗೆ ಬಿದ್ದ ಕ್ಷಣವೇ ಬರೆದಿಟ್ಟುಕೊಳ್ಳುವುದನ್ನು ನಿಯಮ ಮಾಡಿಕೊಂಡಿದ್ದನೆಂದು ಅವನ ಆತ್ಮಕಥನವೇ ಹೇಳುತ್ತದೆ.

ಒಬ್ಬನ ಮರೆವು ಹೀಗಿರುವಾಗ ಒಂದು ಸಮುದಾಯದ, ಒಂದು ಸರ್ಕಾರದ ಎಣಿಕೆಯ ಗತಿಯೇನು? ಈ ಪ್ರಶ್ನೆಗೆ ನಮ್ಮ ರಾಜ್ಯದ ಇತಿಹಾಸದಲ್ಲಿಯೇ ಉತ್ತರವಿದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಹಿಂದುಳಿದ ವರ್ಗಗಳನ್ನು ಗುರುತಿಸುವುದಕ್ಕಾಗಿ ನಾಗನಗೌಡ ಸಮಿತಿಯನ್ನು ನೇಮಿಸಿತು. ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಪ್ರತಿಯೊಂದು ಸಮುದಾಯದಿಂದ ಸಾವಿರಕ್ಕೆ ಎಷ್ಟು ಮಂದಿ ಓದುತ್ತಿರುವರೆಂಬುದು ಶೈಕ್ಷಣಿಕ ಹಿಂದುಳಿದಿರುವಿಕೆಯ ಅಳತೆಗೋಲಾಯಿತು. ರಾಜ್ಯದ ಸರಾಸರಿ 6.9. ಲಿಂಗಾಯತರ ಸರಾಸರಿ 7.1. ಸರಾಸರಿಗಿಂತ ಕೆಳಗಿರುವವರು ಹಿಂದುಳಿದವರೆಂಬ ಮಾತನ್ನು ಯಾವ ಶಾಲಾ ಬಾಲಕನಾದರೂ ಅರ್ಥಮಾಡಿಕೊಂಡಾನು. ಆದರೆ ಮೀಸಲಾತಿಯನ್ನು 68 ಪ್ರತಿಶತಕ್ಕೆ ಏರಿಸಿದ 1962ರ ಜುಲೈ ತಿಂಗಳ ಸರ್ಕಾರಿ ಆಜ್ಞೆಯಲ್ಲಿ ಸರಾಸರಿಯ ಮೇಲಿದ್ದ ಈ 7.1 ಸಹ ಹಿಂದುಳಿದವರ ಪಟ್ಟಿಯೊಳಕ್ಕೆ ಬಂದಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಆಜ್ಞೆಯನ್ನು ರದ್ದುಪಡಿಸುತ್ತಾ, ರಾಜ್ಯದ ಸರಾಸರಿಗಿಂತ ಸಾಕಷ್ಟು ಕೆಳಗಿರುವವರನ್ನು ಮಾತ್ರವೇ ಶೈಕ್ಷಣಿಕವಾಗಿ ಹಿಂದುಳಿದವರೆಂದು ಎಣಿಸುವುದು ಉಚಿತವೆಂದು ಹೇಳಿತು.

ನಾನು ಹುಟ್ಟಿ ಬೆಳೆದುದು ಆ 7.1ರ ಸಮುದಾಯದಲ್ಲಿ. ಆ ತೀರ್ಪಿನ ವಿವರವನ್ನು ಮೊದಲ ಸಲ ಓದಿದಾಗ ನನ್ನ ಮನಸ್ಸು ಒಡನೆಯೇ ವಾದಗಳನ್ನು ಒದಗಿಸಿಕೊಟ್ಟಿತು: ನಮ್ಮಲ್ಲಿ ಎಷ್ಟೊಂದು ಒಳಪಂಗಡಗಳಿಲ್ಲವೇ, ಮಳೆಯನ್ನೇ ನಂಬಿದ ಒಕ್ಕಲುಗಳ ಮಕ್ಕಳನ್ನು ಪೇಟೆಯ ವರ್ತಕರ ಮಕ್ಕಳೊಡನೆ ಕೂಡಿಸಿ ಸರಾಸರಿ ತೆಗೆದರೆ ಅದಕ್ಕೆ ಅರ್ಥವುಂಟೇ, ಎಂಬಿವೇ ಮೊದಲಾದುವು. ವಾದಗಳು ನಿರಾಧಾರವಾದುವಲ್ಲ, ಇಂದಿಗೂ ಅವುಗಳಲ್ಲಿ ಹುರುಳಿದೆಯೆಂದೇ ನನ್ನ ಎಣಿಕೆ. ಆದರೆ ಇನ್ನಾವುದೋ ಸಮುದಾಯದ ಅಂಕಿಯು 7.1 ಎಂದಿದ್ದು ನಮ್ಮದು 5 ಎಂದಿದ್ದರೆ, ಆ ಸಮುದಾಯದ ಒಳಪಂಗಡಗಳ ಕಷ್ಟವು ಇಷ್ಟೇ ಶೀಘ್ರವಾಗಿ ನನಗೆ ಹೊಳೆಯುತ್ತಿತ್ತೇ? ಹೊಳೆಯುತ್ತಿರಲಿಲ್ಲ. ವಾದವು ಸರಿಯೋ ತಪ್ಪೋ ಎಂಬುದು ಒಂದು ವಿಚಾರ. ಅದು ಯಾವಾಗ, ಯಾರ ಪರವಾಗಿ ನಮಗೆ ಹೊಳೆಯಿತೆಂಬುದು ಮತ್ತೊಂದು ವಿಚಾರ. ಮೊದಲನೆಯದನ್ನು ನಾವು ಸಭೆಗಳಲ್ಲಿ ಚರ್ಚಿಸುತ್ತೇವೆ, ಎರಡನೆಯದನ್ನು ಮನೆಯ ಏಕಾಂತದಲ್ಲಿಯೂ ಕೇಳಿಕೊಳ್ಳುವುದಿಲ್ಲ.

ನಮ್ಮ ಬಡಾವಣೆಗೆ ಯಾರ ಹೆಸರನ್ನು ಇಟ್ಟಿದೆಯೋ ಆ ದೇವರಾಜ ಅರಸರು 1972ರಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಆಯೋಗವನ್ನು ನೇಮಿಸಿದರು. 1975ರಲ್ಲಿ ಬಂದ ಅದರ ವರದಿಯನ್ನು ಕೆಲವರು ಹಿಂದುಳಿದವರ ಬೈಬಲ್ ಎಂದು ಕೊಂಡಾಡಿದರೆ, ಪಟ್ಟಿಯಿಂದ ಹೊರಗುಳಿದ ನಮ್ಮಂಥವರ ಮನೆಗಳಲ್ಲಿ ಅದು ಪಕ್ಷಪಾತದ ವರದಿಯೆನಿಸಿಕೊಂಡಿತು. ಹೊಗಳಿದವರಲ್ಲಿಯೂ ತೆಗಳಿದವರಲ್ಲಿಯೂ ಅದನ್ನು ಆದ್ಯಂತ ಓದಿದವರು ಎಷ್ಟು ಮಂದಿಯೋ! 1986ರ ವೆಂಕಟಸ್ವಾಮಿ ಆಯೋಗದ ವರದಿಯನ್ನು ಸರ್ಕಾರವೇ ಬದಿಗಿಟ್ಟಿತು. 2015ರ ಸಮೀಕ್ಷೆಯ ಆಧಾರದಿಂದ ಸಿದ್ಧವಾದ ವರದಿಯು 2024ರಲ್ಲಿ ಸರ್ಕಾರದ ಕೈಸೇರಿ, ಮರುವರ್ಷ ಅದರ ಅಂಕಿಗಳು ಹೊರಬಿದ್ದಾಗ, ನಮ್ಮ ಜನಸಂಖ್ಯೆಯನ್ನು ಕಡಿಮೆ ತೋರಿಸಲಾಗಿದೆಯೆಂಬ ಆಕ್ಷೇಪವು ಹಲವು ದಿಕ್ಕುಗಳಿಂದ ಕೇಳಿಬಂದಿತು. ತಮ್ಮನ್ನು ವಾಸ್ತವಕ್ಕಿಂತ ಹೆಚ್ಚಾಗಿ ಎಣಿಸಲಾಗಿದೆಯೆಂದು ದೂರಿದ ಒಂದು ಸಮುದಾಯವನ್ನಾದರೂ ನಾನು ಕಾಣಲಿಲ್ಲ. ಎಣಿಕೆಯಲ್ಲಿ ದೋಷವಿದ್ದರೆ ಅದು ಕೆಲವರಿಗೆ ಹೆಚ್ಚಾಗಿಯೂ ಕೆಲವರಿಗೆ ಕಡಿಮೆಯಾಗಿಯೂ ಬರಬೇಕಲ್ಲವೇ?

ಇದು ಅವಿದ್ಯಾವಂತರ ದೌರ್ಬಲ್ಯವೆಂದಾಗಲಿ, ಕೇವಲ ಸ್ವಾರ್ಥಿಗಳ ಚಾಳಿಯೆಂದಾಗಲಿ ತಿಳಿಯುವುದು ತಪ್ಪು. ಸಮಾಜಶಾಸ್ತ್ರಜ್ಞರಾದ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ ಕ್ಷೇತ್ರಕಾರ್ಯವನ್ನು ನಡೆಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿ ಬಿದ್ದು ಅವರ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ನೆನಪನ್ನೇ ಮುಖ್ಯವಾಗಿ ಆಶ್ರಯಿಸಿ ಬರೆದು 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಾವು ಕಂಡುದು ಬಹುಪಾಲು ಮೇಲ್ಜಾತಿಯವರ ಕಣ್ಣಿಗೆ ಕಾಣುವ ಹಳ್ಳಿಯೆಂಬುದನ್ನು ಅವರು ಮರೆಮಾಚದೆ ಒಪ್ಪಿಕೊಂಡಿದ್ದಾರೆ. ಬ್ರಾಹ್ಮಣ ಅತಿಥಿಗೆ ಊರಿನ ಪ್ರಮುಖರ ಆಶ್ರಯವು ದೊರೆತುದು ಸಹಜ. ಆ ಆಶ್ರಯದಲ್ಲಿದ್ದು ಹೊಲಗೇರಿಯ ಹಳ್ಳಿಯನ್ನು ಕಾಣುವುದು ಕಠಿನವಾದುದೂ ಅಷ್ಟೇ ಸಹಜ. ಕುಳಿತ ಜಾಗವನ್ನು ಅವರು ಹೇಳಿದುದರಿಂದ ಕಂಡ ನೋಟದ ಬೆಲೆ ಕಡಿಮೆಯಾಗಲಿಲ್ಲ. ಓದುಗನು ಎಷ್ಟನ್ನು ಕಳೆದುಕೊಂಡು ಓದಬೇಕೆಂಬುದು ತಿಳಿಯಿತು.

ನಮ್ಮ ಹಿಂದಿನ ಶಾಸ್ತ್ರಕಾರರು ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು ನಿರೂಪಿಸುತ್ತಿದ್ದರು. ಎದುರಾಳಿಯು ಕೇಳಿ “ಹೌದು, ನಾನು ಹೇಳುವುದು ಇದನ್ನೇ” ಎಂದು ತಲೆದೂಗುವಷ್ಟು ಪ್ರಾಮಾಣಿಕವಾಗಿ ಅದನ್ನು ನಿರೂಪಿಸುವುದೇ ಆ ಪದ್ಧತಿಯ ಜೀವಾಳ. ಇಂದಿನ ವಿಜ್ಞಾನದಲ್ಲಿ, ವಿಶೇಷವಾಗಿ ಔಷಧಗಳ ಪರೀಕ್ಷೆಯಲ್ಲಿ, ಯಾವುದನ್ನು ಗೆಲವೆಂದು ಎಣಿಸಬೇಕೆಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದು ನೋಂದಾಯಿಸುವ ಕ್ರಮವು ಬಂದಿದೆ. ಫಲವನ್ನು ನೋಡಿದ ಮೇಲೆ ಅಳತೆಗೋಲನ್ನು ಆರಿಸಿಕೊಳ್ಳುವವನು, ಎಷ್ಟೇ ಸಾಧುವಾಗಿರಲಿ, ತನಗೆ ಬೇಕಾದುದನ್ನೇ ಅಳೆದಾನು. 6.9ಕ್ಕೂ 7.1ಕ್ಕೂ ನಡುವೆ ಸಂಭವಿಸಿದುದು ಇದೇ ಎಂದು ನಾನು ತಿಳಿದಿದ್ದೇನೆ.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಎಣಿಕೆಯ ವರದಿ ಯಾವುದೇ ಆಗಲಿ, ನಿಮ್ಮ ಸಮುದಾಯದ ಅಂಕಿಯಿರುವ ಪುಟವನ್ನು ತೆರೆಯುವ ಮೊದಲು, ಯಾರು ಹಿಂದುಳಿದವರು, ಯಾವ ಪ್ರಮಾಣದಿಂದ, ಯಾವ ಗೆರೆಯ ಕೆಳಗೆ, ಎಂಬುದನ್ನು ಒಂದು ಹಾಳೆಯಲ್ಲಿ ನಿಮ್ಮ ಕೈಯಾರೆ ಬರೆದು ದಿನಾಂಕವನ್ನು ಹಾಕಿಡಿ. ಪುಟವನ್ನು ತೆರೆದ ಮೇಲೆ ಆ ಬರಹವನ್ನು ತಿದ್ದಬೇಡಿ. ನನ್ನ ಹಾಳೆಯನ್ನು ನಾನು ಬರೆದಿದ್ದೇನೆ. ಅದರಲ್ಲಿ ಗೆರೆಯು ಸರಾಸರಿಯ ಕೆಳಗಿದೆ.