ಹೂದೋಟವೂ ಅನರ್ಥದಂಡವೂ

ಮನೆಯ ಮುಂದಿನ ಹೂದೋಟವನ್ನು ನಿರ್ದೋಷವಾದ ವಿನೋದವೆಂದು ಎಲ್ಲರೂ ಭಾವಿಸಿದ್ದಾರೆ. ಹೂವಿನಿಂದ ಯಾರಿಗೆ ಹಾನಿ ಎಂದು ಕೇಳುವವರು ಬಂಡೀಪುರಕ್ಕೋ ಬಿಳಿಗಿರಿರಂಗನ ಬೆಟ್ಟಕ್ಕೋ ಹೋಗಿ ನೋಡಬೇಕು. ಅಲ್ಲಿ ಕಾಡಿನ ನೆಲವನ್ನು ಆವರಿಸಿರುವ ಲಂಟಾನವು ತಾನಾಗಿ ಬಂದುದಲ್ಲ. ಅಮೆರಿಕ ಖಂಡದ ಉಷ್ಣವಲಯಕ್ಕೆ ಸೇರಿದ ಈ ಪೊದೆಯನ್ನು 19ನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ಬಣ್ಣಬಣ್ಣದ ಹೂಗೊಂಚಲಿಗೆ ಮನಸೋತವರು ಅಂಗಳಕ್ಕೂ ಬೇಲಿಗೂ ಅದನ್ನು ಹಬ್ಬಿಸಿದರು. ಅದರ ಕಪ್ಪು ಹಣ್ಣನ್ನು ತಿಂದ ಪಿಕಳಾರಗಳು ಬೀಜವನ್ನು ಕಾಡಿಗೆ ಒಯ್ದವು. ಇಂದು ಆ ದಟ್ಟ ಮೆಳೆಯ ಕೆಳಗೆ ಹುಲ್ಲು ಏಳದು. ಜಿಂಕೆ, ಕಾಟಿಗಳ ಮೇವು ಕುಗ್ಗಿದೆ. ಬೇರೆ ಮೇವಿಲ್ಲದೆ ಅದರ ಎಲೆಯನ್ನು ತಿಂದ ದನಗಳು ಯಕೃತ್ತು ಕೆಟ್ಟು, ಕಾಮಾಲೆ ಹತ್ತಿ, ಬಿಸಿಲು ತಾಕಿದಲ್ಲೆಲ್ಲ ಚರ್ಮ ಬಿರಿದು ನರಳುತ್ತವೆ. ಬೇಸಗೆಯಲ್ಲಿ ಅದರ ಒಣಕಡ್ಡಿಯೇ ಕಾಡ್ಗಿಚ್ಚಿಗೆ ಉರುವಲು. ಸೋಲಿಗರು ಅದರಿಂದ ಕುರ್ಚಿ ಹೆಣೆಯುತ್ತಾರೆಂಬುದು ಅವರ ಕೈಚಳಕಕ್ಕೆ ಸಾಕ್ಷಿಯೇ ಹೊರತು ಗಿಡದ ನಿರಪರಾಧಕ್ಕಲ್ಲ.

ಅದು ಪರಕೀಯರ ಕಾಲದ ಅವಿವೇಕವೆಂದು ಕೈತೊಳೆದುಕೊಳ್ಳುವಂತಿಲ್ಲ. ಹಳದಿ ಹೂವಿನ ವೆಡೇಲಿಯವನ್ನು ಈಗಲೂ ನೆಲಹೊದಿಕೆಯೆಂದು ಅಕ್ಕರೆಯಿಂದ ನೆಡುತ್ತಾರೆ. ಅದಕ್ಕೆ ಬೀಜವೂ ಬೇಕಿಲ್ಲ. ಕತ್ತರಿಸಿ ಎಸೆದ ತುಂಡಿನ ಗಿಣ್ಣುಗಳೇ ಬೇರು ಬಿಡುತ್ತವೆ. ನೇರಳೆ ಹೂವಿನ ಜಲಕುಂಭಿಯನ್ನು ತೊಟ್ಟಿಯಲ್ಲಿ ಸಾಕಿ, ಹೆಚ್ಚಾದುದನ್ನು ಕೆರೆಗೆ ಸುರಿಯುವವರೂ ಉಂಟು. ಬಂಗಾಳದಲ್ಲಿ ಅದರ ನಿಗ್ರಹಕ್ಕಾಗಿ 1936ರಲ್ಲಿಯೇ ಶಾಸನ ಮಾಡಬೇಕಾಯಿತು. ಕೆರೆಯನ್ನು ಮುಚ್ಚಿದ ಆ ಹಸಿರಿನಡಿ ಬೆಳಕು, ಪ್ರಾಣವಾಯುಗಳಿಲ್ಲದೆ ಮೀನುಗಳು ಸಾಯುತ್ತವೆ.

ಶ್ರಾವಕಾಚಾರದಲ್ಲಿ ಇಂಥ ನಡತೆಗೆ ಹೆಸರಿದೆ: ಅನರ್ಥದಂಡ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆ, ಹಿಂಸಾದಾನಗಳೆರಡೂ ಇಲ್ಲಿ ಸಲ್ಲುತ್ತವೆ. ಅನ್ನಕ್ಕಾಗಿ ನೆಲವನ್ನು ಉಳುವವನ ಹಿಂಸೆಗೆ ಪ್ರಯೋಜನವಾದರೂ ಇದೆ. ಕಣ್ಣಿನ ಸುಖಕ್ಕಾಗಿ, ಫಲವನ್ನು ತಿಳಿದೂ ನೆಡುವವನಿಗೆ ಅದೂ ಇಲ್ಲ. ನೆರೆಮನೆಗೆ ಪ್ರೀತಿಯಿಂದ ಕೊಡುವ ಲಂಟಾನದ ಕೊಂಬೆಯು ಆಯುಧವನ್ನೋ ವಿಷವನ್ನೋ ಹಂಚುವುದಕ್ಕಿಂತ ಹೇಗೆ ಭಿನ್ನವೆಂಬುದನ್ನು ಕೊಡುವವರೇ ಹೇಳಬೇಕು.

ಸಸ್ಯವೂ ಏಕೇಂದ್ರಿಯ ಜೀವ. ನೆಟ್ಟುದನ್ನು ಕೀಳುವುದು ಹಿಂಸೆಯಲ್ಲವೆ ಎಂಬ ಆಕ್ಷೇಪವು ಕೇಳಿಬರುತ್ತದೆ. ಹಿಂಸೆಯೇ ಸರಿ. ಆದರೆ ಅಂದಕ್ಕಾಗಿ ತಿಂಗಳಿಗೊಮ್ಮೆ ಅದೇ ಗಿಡವನ್ನು ಕತ್ತರಿಸುವಾಗ ಹುಟ್ಟದ ಕರುಣೆಯು ಅದನ್ನು ಬಿಟ್ಟುಕೊಡಬೇಕಾದಾಗ ಮಾತ್ರ ಹುಟ್ಟುವುದಾದರೆ, ಅದು ಅಹಿಂಸೆಯ ವೇಷ ತೊಟ್ಟ ಪರಿಗ್ರಹ. ಇಂದು ಒಂದು ಬುಡವನ್ನು ಉಳಿಸಿದವನು ನಾಳೆ ಅದರ ಸಾವಿರ ಸಂತಾನಗಳನ್ನು ಕಡಿಯುವ ಕೂಲಿಯಾಳಿನ ಹಿಂಸೆಗೂ, ಅವುಗಳಡಿ ಬದುಕಲಾರದ ಪಂಚೇಂದ್ರಿಯಗಳ ಹಸಿವಿಗೂ ಕಾರಣನಾಗುತ್ತಾನೆ.

ಹೂವಿಗೆ ಈ ನಾಡಿನಲ್ಲಿ ಬರವೇನಿಲ್ಲ. ಸಂಪಿಗೆ, ಸುರಗಿ, ಪಾರಿಜಾತ, ಗೋರಂಟೆಗಳಿವೆ. ಈಗಾಗಲೇ ಲಂಟಾನ ನೆಟ್ಟವರು ಹಣ್ಣು ಕಟ್ಟುವ ಮುನ್ನ ಬೇರುಸಹಿತ ತೆಗೆಯಬೇಕು. ಕಿತ್ತ ವೆಡೇಲಿಯವನ್ನು ಕಲ್ಲುಚಪ್ಪಡಿಯ ಮೇಲೆ ಹರಡಿ ಪೂರ್ತಿ ಒಣಗಿಸಬೇಕು; ಹಸಿಯಾಗಿ ಬೀದಿಯ ಕಸಕ್ಕೆ ಹಾಕಿದರೆ ಮುಂದಿನ ಮಳೆಗೆ ಅಲ್ಲಿಂದಲೇ ಚಿಗುರುತ್ತದೆ.