ಮನೆಯ ಜಮಾ-ಖರ್ಚು

ಹೊಟೇಲು ನಡೆಸುವವನು ರಾತ್ರಿ ಗಲ್ಲಾ ಎಣಿಸದೆ ಬಾಗಿಲು ಹಾಕುವುದಿಲ್ಲ. ಹಾಲಿಗೆಷ್ಟು, ತರಕಾರಿಗೆಷ್ಟು, ಮಾಣಿಗಳ ಮುಂಗಡಕ್ಕೆಷ್ಟು ಎಂಬುದನ್ನು ಪುಸ್ತಕಕ್ಕೆ ಏರಿಸಿದ ಮೇಲೆಯೇ ಅವನಿಗೆ ನಿದ್ರೆ. ಅಂಗಡಿಯ ಲೆಕ್ಕವನ್ನು ಇಷ್ಟು ನಿಷ್ಠೆಯಿಂದ ಬರೆಯುವ ನಮ್ಮ ಜನರು ಸಂಸಾರದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಮನೆಯವರ ಮುಂದೆ ಓದುತ್ತಾರೆಯೆ? ಓದುವುದಿಲ್ಲವೆಂದೇ ನಮ್ಮ ಅನುಭವ. ಪರಸ್ಥಳದಲ್ಲಿ ಬದುಕು ಕಟ್ಟಿಕೊಂಡವರಲ್ಲಂತೂ ಈ ಮೌನ ಇನ್ನೂ ಹೆಚ್ಚು. ಊರಿಗೆ ಕಾಗದ ಬರೆಯುತ್ತಿದ್ದ ಕಾಲದಿಂದಲೂ ‘ಇತ್ತ ಎಲ್ಲರೂ ಕ್ಷೇಮ’ ಎಂಬ ಒಂದೇ ವಾಕ್ಯ ನಮ್ಮ ವರ್ಷಗಳನ್ನೆಲ್ಲ ಮುಚ್ಚಿಬಿಟ್ಟಿದೆ. ಕಾಗದ ಹೋಗಿ ಮೊಬೈಲು ಬಂದರೂ ಆ ವಾಕ್ಯ ಬದಲಾಗಲಿಲ್ಲ. ಊರಿಗೆ ಹೇಳದಿರುವುದು ಹಾಗಿರಲಿ. ಒಂದೇ ಸೂರಿನಡಿಯಲ್ಲಿರುವ ಹೆಂಡತಿ ಮಕ್ಕಳಿಗೂ ಸಾಲದ ಮೊತ್ತ ತಿಳಿಯದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಇದು ಲೇಸಲ್ಲವೆಂಬುದು ನಮ್ಮ ಅಭಿಪ್ರಾಯ. ನಿದರ್ಶನವಾಗಿ, ನಾವು ಹತ್ತಿರದಿಂದ ಬಲ್ಲ ಒಂದು ಕುಟುಂಬದ ಒಂದು ವರ್ಷವನ್ನು ವಾಚಕರ ಮುಂದಿಡುತ್ತೇವೆ. ಹೆಸರಿನ ಅಗತ್ಯವಿಲ್ಲ. ಯಜಮಾನರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಕುಂದಾಪುರದ ಕಡೆಯಿಂದ ಬಂದ ಇವರ ಚಿಕ್ಕ ಹೊಟೇಲು ಇರುವುದು ಚೆನ್ನೈಯ ಅಣ್ಣಾ ನಗರದಲ್ಲಿ. 1968ರ ವ್ಯಾಪಾರ ಮೇಳಕ್ಕೆಂದು ಕಟ್ಟಿದ, ನಮ್ಮ ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಗೋಪುರದ ಉದ್ಯಾನಕ್ಕೆ ಅನತಿದೂರದಲ್ಲಿ. ನಾವು ಹೇಳುವ ವರ್ಷ ಶಾರ್ವರಿ ಸಂವತ್ಸರ. ಶಾರ್ವರಿ ಎಂದರೆ ರಾತ್ರಿ. 2020ರ ಮಾರ್ಚ್ 25ರಂದು, ಚಾಂದ್ರಮಾನ ಯುಗಾದಿಯ ದಿನವೇ, ಕೊರೋನಾ ಸೋಂಕಿಗೆ ಅಂಜಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಅಧಿಕ ಆಶ್ವಯುಜವೂ ಸೇರಿ ಆ ಸಂವತ್ಸರಕ್ಕೆ ಹದಿಮೂರು ತಿಂಗಳು, 384 ದಿನಗಳು. ಕಷ್ಟದ ವರ್ಷಕ್ಕೆ ಪಂಚಾಂಗವೂ ಒಂದು ತಿಂಗಳನ್ನು ಹೆಚ್ಚಾಗಿಯೇ ಕೊಟ್ಟಿತ್ತು.

ಎಂಟು ಮೇಜುಗಳ ಹೊಟೇಲಿನಲ್ಲಿ ಪಾರ್ಸೆಲ್ ವ್ಯಾಪಾರ ಮಾತ್ರ ಉಳಿಯಿತು. ಅಡಿಗೆಯವರೂ ಮಾಣಿಗಳೂ ಯುಗಾದಿಗೆಂದು ಊರಿಗೆ ಹೋದವರು ಅಲ್ಲಿಯೇ ನಿಂತರು. ಮೇ 5ರಂದು ಸಮೀಪದ ಕೋಯಂಬೇಡು ಮಾರುಕಟ್ಟೆ ಸೋಂಕಿನ ಕಾರಣದಿಂದ ಮುಚ್ಚಿತು. ಸಗಟು ತರಕಾರಿ ವ್ಯಾಪಾರ ದೂರದ ತಿರುಮಳಿಸೈಗೆ ಹೋಯಿತು. ಸೆಪ್ಟೆಂಬರ್ 28ರಂದು ಮಾರುಕಟ್ಟೆ ಮರಳಿ ತೆರೆಯುವ ತನಕ ತರಕಾರಿಯ ಬೆಲೆಗೆ ಗಾಡಿಯ ಬಾಡಿಗೆಯೂ ಸೇರಿತು. ಮೇ ತಿಂಗಳ ಕೊನೆಯ ವಾರದಲ್ಲಿ ಊರಿನಲ್ಲಿ ಯಜಮಾನರ ತಾಯಿ ತೀರಿಕೊಂಡರು. ತಮಿಳುನಾಡೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ 31ರ ವರೆಗೆ ಕರ್ನಾಟಕದಲ್ಲಿ ಪ್ರವೇಶವಿರಲಿಲ್ಲ. ಹಿರಿಯ ಮಗ ಇಲ್ಲಿಯೇ ಉಳಿದ. ತಮ್ಮ ಅಲ್ಲಿ ಕ್ರಿಯೆ ಮಾಡಿದ. ಬ್ಯಾಂಕಿನ ಸಾಲಕ್ಕೆ ಆಗಸ್ಟ್ 31ರ ವರೆಗೆ ರಿಸರ್ವ್ ಬ್ಯಾಂಕಿನಿಂದ ವಿನಾಯಿತಿ ದೊರೆಯಿತು, ನಿಜ. ಆದರೆ ನಿಂತದ್ದು ಕಂತು, ಬಡ್ಡಿಯಲ್ಲ.

ಇನ್ನು ಜಮೆಯ ಕಡೆಯನ್ನು ನೋಡಬೇಕು. ಅಣ್ಣಾ ನಗರದಲ್ಲಿ ಮಕ್ಕಳು ಪರದೇಶಗಳಲ್ಲಿದ್ದು ತಾವಿಬ್ಬರೇ ಇರುವ ವೃದ್ಧ ದಂಪತಿಗಳು ಅನೇಕರು. ಮನೆಗೆಲಸದವರು ಬಾರದೆ ಅವರು ಕಂಗೆಟ್ಟಿದ್ದಾಗ ಈ ಮನೆಯಾಕೆ ಎರಡು ಕ್ಯಾರಿಯರ್ ಊಟ ಕಳುಹಿಸಿದರು. ಎರಡು ಹತ್ತಾಯಿತು, ದೀಪಾವಳಿಯ ವೇಳೆಗೆ ಮೂವತ್ತಾಯಿತು. ಕಾಲೇಜಿನ ಮಗ ಸೈಕಲಿನಲ್ಲಿ ಮನೆ ಮನೆಗೆ ಮುಟ್ಟಿಸಿದ, ಸಾರು ಹುಳಿ ಮಾಡುವುದನ್ನೂ ಕಲಿತ. ಮಗಳದು ಆ ವರ್ಷ ಹತ್ತನೆಯ ತರಗತಿ. ಜೂನ್ 9ರಂದು ತಮಿಳುನಾಡಿನಲ್ಲಿ ಪರೀಕ್ಷೆ ರದ್ದಾಗಿ ಎಲ್ಲರೂ ಉತ್ತೀರ್ಣರೆಂದು ಸಾರಲಾಯಿತು. ವರ್ಷವೆಲ್ಲ ಓದಿದ ಹುಡುಗಿಗೆ ಇದನ್ನು ಜಮೆಗೆ ಬರೆಯಬೇಕೋ ಖರ್ಚಿಗೆ ಬರೆಯಬೇಕೋ ತಿಳಿಯಲಿಲ್ಲ.

2021ರ ಏಪ್ರಿಲ್ 13ರಂದು ಪ್ಲವ ಸಂವತ್ಸರ ಬಂದಿತು. ಸೌರಮಾನದವರಿಗೂ ತಮಿಳು ನೆರೆಯವರಿಗೂ ಮಾರನೆಯ ದಿನವೇ ಹೊಸ ವರ್ಷ. ಯುಗಾದಿಯ ಸಂಜೆ ಯಜಮಾನರು ಮೊದಲ ಬಾರಿಗೆ ಪುಸ್ತಕವನ್ನು ಮನೆಗೆ ತಂದು ಎಲ್ಲರ ಮುಂದೆ ಓದಿದರು. ಬ್ಯಾಂಕಿನ ಸಾಲ ಎಲ್ಲರಿಗೂ ಗೊತ್ತಿತ್ತು. ಏಳು ತಿಂಗಳ ಕಟ್ಟಡ ಬಾಡಿಗೆ ಬಾಕಿಯಿರುವುದೂ, ಒಬ್ಬ ಸ್ನೇಹಿತರಿಂದ ಚೀಟಿಯಿಲ್ಲದೆ ಪಡೆದ ಕೈಸಾಲವೂ ಗೊತ್ತಿರಲಿಲ್ಲ. ಅವರು ಇದನ್ನು ಹೇಳಿದ ಮೇಲೆಯೇ ಮನೆಯಾಕೆ ಬಾಯಿ ತೆರೆದರು: ತಂಗಿಯಿಂದ ತಂದೆನೆಂದು ಕೊಟ್ಟ ಹಣ ತಮ್ಮ ಬಳೆಗಳನ್ನು ಅಡವಿಟ್ಟು ತಂದುದು, ರಕ್ತದೊತ್ತಡದ ಗುಳಿಗೆಯನ್ನು ಆರು ತಿಂಗಳಿಂದ ದಿನ ಬಿಟ್ಟು ದಿನ ನುಂಗುತ್ತಿರುವುದು. “ನೀವು ಹೇಳಿದ್ದರೆ ನಾನೂ ಹೇಳುತ್ತಿದ್ದೆ” ಎಂದರಂತೆ. ಬಳೆ ಹೋದರೆ ಬಳೆ ಬಂದೀತು. ಗುಳಿಗೆಯ ವಿಷಯ ಇನ್ನೊಂದು ವರ್ಷ ಮುಚ್ಚಿಕೊಂಡಿದ್ದರೆ ಆಗಬಹುದಾಗಿದ್ದ ನಷ್ಟವನ್ನು ಯಾವ ಪುಸ್ತಕಕ್ಕೂ ಏರಿಸಲಾಗುತ್ತಿರಲಿಲ್ಲ.

ಕಷ್ಟವನ್ನು ಹೇಳಿದರೆ ಮಕ್ಕಳ ಎಳೆಯ ಮನಸ್ಸಿಗೆ ಭಾರವಾಗುವುದೆಂದು ಹಲವರು ವಾದಿಸುತ್ತಾರೆ. ಅದರ ಹಿಂದಿರುವ ವಾತ್ಸಲ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮಕ್ಕಳು ಕಷ್ಟವನ್ನು ಹೇಗೂ ಬಲ್ಲರು; ಅದರ ಗಾತ್ರವನ್ನು ಮಾತ್ರ ಅರಿಯರು. ಗಾತ್ರ ತಿಳಿಯದ ಭಯವೇ ದೊಡ್ಡ ಭಯ. ಅದೇ ಮೇ 10ರಂದು ತಮಿಳುನಾಡು ಮತ್ತೆ ಬಾಗಿಲು ಹಾಕಿಕೊಂಡಿತು. ಎರಡನೆಯ ಅಲೆಯಲ್ಲಿ ಈ ಯಜಮಾನರೂ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು ಎಂಬುದು ಮಗನಿಗೆ ತಿಳಿದಿತ್ತು. ಒಂದು ದಿನವೂ ಕ್ಯಾರಿಯರ್ ನಿಲ್ಲಲಿಲ್ಲ. ಆ ತಿಂಗಳುಗಳಲ್ಲಿಯೇ ಯಜಮಾನರು ಆಸ್ಪತ್ರೆಯಿಂದ ಮರಳದ ಮನೆಗಳನ್ನೂ ನಾವು ಕಂಡಿದ್ದೇವೆ. ಹದಿಮೂರನೆಯ ದಿನ ಬಾಗಿಲಿಗೆ ಬಂದ ಸಾಲಗಾರನ ಬಾಯಿಂದ ಗಂಡನ ಸಾಲವನ್ನು ಮೊದಲ ಬಾರಿಗೆ ಕೇಳಿದ ಹೆಂಗಸಿಗೆ, ಅವನು ಹೇಳಿದ ಮೊತ್ತ ನಿಜವೋ ಸುಳ್ಳೋ ಎಂದು ತಿಳಿಯುವ ದಾರಿಯೂ ಇರಲಿಲ್ಲ.

ಯುಗಾದಿಯಂದು ಬೇವನ್ನೂ ಬೆಲ್ಲವನ್ನೂ ಮನೆಯವರೆಲ್ಲರ ಕೈಗೆ ಕೊಡುವುದು ನಮ್ಮ ಸಂಪ್ರದಾಯ. ತಮಿಳು ನೆರೆಯವರೂ ಮಾವಿನಕಾಯಿಯ ಪಚ್ಚಡಿಗೆ ಬೆಲ್ಲದೊಡನೆ ಬೇವಿನ ಹೂವನ್ನು ಬೆರೆಸುತ್ತಾರೆ. ಯಾರ ಮನೆಯಲ್ಲಿಯೂ ಬೇವನ್ನು ಯಜಮಾನನೊಬ್ಬನೇ ಬಚ್ಚಿಟ್ಟು ತಿನ್ನುವ ಪದ್ಧತಿಯಿಲ್ಲ. ಆದುದರಿಂದ ನಮ್ಮ ವಾಚಕರಲ್ಲಿ ಅರಿಕೆಯಿಷ್ಟೆ: ಹಬ್ಬದ ಸಂಜೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕೊಡಬೇಕಾದುದು, ಬರಬೇಕಾದುದು, ಅಡವಿಟ್ಟುದು, ಯಾರ ದೇಹಸ್ಥಿತಿ ಹೇಗಿದೆಯೆಂಬುದು, ವರ್ಷದಲ್ಲಿ ಬಂದ ಒಳ್ಳೆಯದು ಇವನ್ನೆಲ್ಲ ಮನೆಯವರ ಮುಂದೆ ಓದಿರಿ. ಮೊದಲು ಮನೆಯ ಯಜಮಾನನೇ ಬಾಯಿ ಬಿಡಬೇಕು. ಉಳಿದವರು ತಾವಾಗಿಯೇ ಹೇಳುತ್ತಾರೆ.