ಆಪರೇಷನ್‌ಗೆ ಕಾರ್ಡ್ ಇದೆ, ಆಮೇಲೆ ನೋಡ್ಕೊಳ್ಳೋರು ಯಾರು?

ಚಾಮರಾಜನಗರ: ಹನೂರು, ಕೊಳ್ಳೇಗಾಲ ಕಡೆಯ ಹಿರಿಯರು ಬೈಪಾಸ್, ಸ್ಟೆಂಟ್ ಅಂತ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗುವುದು ಈಗ ಹೊಸದೇನಲ್ಲ. ಆಯುಷ್ಮಾನ್ ಕಾರ್ಡ್‌ನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ತೊಂದರೆ ಶುರುವಾಗುವುದು ಊರಿಗೆ ವಾಪಸ್ ಬಂದ ಮೇಲೆ.

ಡಿಸ್ಚಾರ್ಜ್ ನಂತರದ ಖರ್ಚಿಗೆ ಆಯುಷ್ಮಾನ್ ನಿಯಮದಲ್ಲಿರುವುದು 15 ದಿನ ಅಷ್ಟೇ. ಬೈಪಾಸ್‌ಗೆ ಸೀಳಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲೀವರೆಗೆ ಬಿಂದಿಗೆ ಎತ್ತುವಂತಿಲ್ಲ, ಆದರೆ ದಿನಾ ಸ್ವಲ್ಪ ಸ್ವಲ್ಪ ನಡೆಯಲೇಬೇಕು. ಮಕ್ಕಳು ಬೆಂಗಳೂರು, ತಿರುಪ್ಪೂರು ಸೇರಿರುವ ಮನೆಯಲ್ಲಿ ನೀರು ತರೋರು ಯಾರು? ಒಂಟಿಯಾಗಿರುವವರು ಮತ್ತೆ ಎದೆನೋವು ಬಂದೀತೆಂಬ ಹೆದರಿಕೆಗೆ ಜಗಲಿ ಬಿಟ್ಟು ಇಳಿಯುವುದಿಲ್ಲ. ನಡಿಗೆ ನಿಂತರೆ ಕಾಲಿನ ಬಲವೂ ಹೋಗುತ್ತದೆ. ಸಂಧ್ಯಾ ಸುರಕ್ಷಾದ 1,200 ರೂ. ಮಾತ್ರೆಗೇ ಮುಗಿದರೆ ಊಟದ ಗತಿ?

ಇದಕ್ಕೆ ದೊಡ್ಡ ದುಡ್ಡೇನೂ ಬೇಕಿಲ್ಲ. ಗೃಹ ಆರೋಗ್ಯ ಯೋಜನೆಯಲ್ಲಿ ಬಿಪಿ, ಶುಗರ್ ನೋಡಲು ಸಿಬ್ಬಂದಿ ಹೇಗೂ ಮನೆಮನೆಗೆ ಬರಬೇಕು. ಡಿಸ್ಚಾರ್ಜ್ ಆದವರ ಹೆಸರು ಅದೇ ವಾರ ಊರಿನ ಪಿಎಚ್‌ಸಿಗೆ ತಲುಪಿದರೆ ಆಶಾ ಕಾರ್ಯಕರ್ತೆ ಮೊದಲು ಆ ಬಾಗಿಲು ತಟ್ಟಬಹುದು. (ಅವರ ಗೌರವಧನದ ಮಾತು ಬೇರೆಯೇ ಇದೆ.) ಜಿಲ್ಲಾ ಆರೋಗ್ಯ ಇಲಾಖೆ ಆ ಪಟ್ಟಿ ಕೇಳಿ ತರಿಸಿಕೊಳ್ಳುವುದರಿಂದ ಶುರು ಮಾಡಲಿ.